ಕೆಂಪು ನೀರು ಹಳ್ಳ ಸೇರುವ ಮೊದಲು: ತೋಟದಲ್ಲಿ ಹೂಳುಗುಂಡಿ ಮಾಡುವುದು ಹೇಗೆ?

ನಾಲ್ಕು ವರ್ಷದ ಹಿಂದೆ ಕಾಫಿ ಒಣಗಿಸುವ ಕಣ ದೊಡ್ಡದು ಮಾಡೋಣ ಅಂತ ಬೇಸಿಗೆಯಲ್ಲಿ ಧರೆ, ಅಂದರೆ ಗುಡ್ಡದ ಬದಿ, ಕಡಿಸಿದೆ. ಜೆಸಿಬಿಯವನು ಹತ್ತು ಗುಂಟೆ ಮಟ್ಟ ಮಾಡಿಕೊಟ್ಟ. ಕೆಳಗೆ ಒಂದು ಗುಂಡಿಯನ್ನೂ ತೋಡಿಸಿದೆ, ಕೆಸರು ಅಲ್ಲೇ ನಿಲ್ಲುತ್ತೆ ಅನ್ನೋ ಧೈರ್ಯದಲ್ಲಿ. ಆರಿದ್ರಾ ಮಳೆ ಹಿಡಿದ ಮೂರನೇ ದಿನ ಕೆಳಗಿನ ಗದ್ದೆಯವರು ಬಂದು, "ಅಣ್ಣಾ, ಒಂದ್ಸಲ ಬಂದು ನೋಡಿ" ಅಂದರು. ಅವರ ಸಸಿಮಡಿ ಮೇಲೆ ಮೂರು ಬೆರಳು ದಪ್ಪ ಕೆಂಪು ಕೆಸರು ಕೂತಿತ್ತು. ಸಸಿಗಳ ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

ತಪ್ಪು ಹಿಡಿದದ್ದು ನನ್ನ ಭಾವ. ತೆಲಂಗಾಣದಲ್ಲಿ ತೆರೆದ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. "ಗುಂಡಿ ಕೊನೇ ಕೆಲಸ ಮಾರಾಯ, ಮೊದಲು ಒಳ್ಳೆ ನೀರನ್ನ ಬೇರೆ ದಾರಿಗೆ ಕಳಿಸು" ಅಂದರು. ಗಣಿಯ ಸುತ್ತ ಹಾರದ ಹಾಗೆ ಚರಂಡಿ ತೋಡುತ್ತಾರಂತೆ. ಅದಕ್ಕೆ ಅಲ್ಲಿ ಗಾರ್ಲೆಂಡ್ ಡ್ರೇನ್ ಅನ್ನುತ್ತಾರೆ. ಹೊರಗೆ ಬಿದ್ದ ಮಳೆ ಹೊರಗೇ ಸುತ್ತಿ ಹೋಗುತ್ತೆ. ಒಳಗೆ ಬಿದ್ದದ್ದು ಮಾತ್ರ ತಳದಲ್ಲಿ ಸೇರುತ್ತೆ. ಅದನ್ನು ಪಂಪಿನಲ್ಲಿ ಎತ್ತಿ, ಹೂಳುಗುಂಡಿಯಲ್ಲಿ ತಿಳಿಯಾಗಿಸಿ ಆಮೇಲೆ ಹಳ್ಳಕ್ಕೆ ಬಿಡಬೇಕು. ಹಾಗೆ ಬಿಡುವ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು ಅಂತ ನಿಯಮವೂ ಇದೆ.

ನಮ್ಮಲ್ಲಿ ಕಲ್ಲಿದ್ದಲು ಇಲ್ಲ. ಆದರೆ ತೋಟದ ರಸ್ತೆ, ಕಣ, ಹೋಂಸ್ಟೇ ಅಂತ ಧರೆ ಕಡಿಯುವುದು ನಿಂತಿಲ್ಲವಲ್ಲ.

ಮೊದಲು ಮೇಲಿನ ಚರಂಡಿ. ಕಡಿದ ಜಾಗದ ನೆತ್ತಿಯ ಮೇಲೆ, ಅಂಚಿನಿಂದ ಸ್ವಲ್ಪ ದೂರದಲ್ಲಿ ಅಡ್ಡಕ್ಕೆ ತೋಡಿಸಿ. 100 ಅಡಿಗೆ ಒಂದಡಿ ಇಳಿಜಾರು ಸಾಕು. ಜಾಸ್ತಿ ಕೊಟ್ಟರೆ ಚರಂಡಿಯೇ ಕೊರೆದು ಹೋಗುತ್ತೆ. ಜಾಸ್ತಿ ಇಳಿಜಾರು ಕೊಡದೆ ವಿಧಿಯಿಲ್ಲದ ಕಡೆ ಕಾಡುಕಲ್ಲು ಅಡ್ಡ ಇಟ್ಟು ನೀರಿನ ಓಟ ಮುರಿಯಿರಿ. ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಬೇಕಾದರೆ ಒಂದು ಜೋರು ಮಳೆಯಲ್ಲಿ ಛತ್ರಿ ಹಿಡಿದು ಸುತ್ತಿ ಬನ್ನಿ. ಬೇಸಿಗೆಯಲ್ಲಿ ನಿಂತು ಹಾಕಿದ ನನ್ನ ಅಂದಾಜು ಪೂರ್ತಿ ಸುಳ್ಳಾಗಿತ್ತು.

ಇನ್ನು ಗುಂಡಿಯ ಅಳತೆ. ಹತ್ತು ಗುಂಟೆ ಮೇಲೆ 2 ಇಂಚು ಮಳೆ ಬಿದ್ದರೆ ಸುಮಾರು 50 ಸಾವಿರ ಲೀಟರ್ ನೀರು. ಗಟ್ಟಿಯಾಗಿ ತುಳಿದ ಬೋಳು ನೆಲದಲ್ಲಿ ಇಂಗುವುದು ಕಡಿಮೆ. ಹಾಗಾಗಿ 36 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳ ಇಟ್ಟುಕೊಳ್ಳಿ. ಆಷಾಢದ ಮಳೆಗೆ ಇದೂ ತುಂಬಿ ಹರಿಯುತ್ತೆ, ಹರಿಯಲಿ. ಉದ್ದ ಇದ್ದರೆ ಹರಿಯುವಾಗಲೂ ಮಣ್ಣು ತಳ ಹಿಡಿಯುತ್ತೆ. ನನ್ನ ಹಳೇ ಗುಂಡಿ ಚೌಕವಾಗಿತ್ತು. ನೀರು ಬರುವ ಬಾಯಿ, ಹೋಗುವ ಬಾಯಿ ಎರಡೂ ಒಂದೇ ಮೂಲೆಯಲ್ಲಿ! ಬಂದ ಕೆಸರು ಬಂದ ಹಾಗೇ ಹೊರಗೆ.

ಒಂದು ಗಾಜಿನ ಬಾಟಲಿಯಲ್ಲಿ ಆ ಕೆಂಪು ನೀರು ಹಿಡಿದು ಜಗಲಿ ಮೇಲೆ ಇಟ್ಟು ನೋಡಿ. ಮರಳು ಆಗಿಂದಾಗಲೇ ತಳ ಸೇರುತ್ತೆ. ನುಣ್ಣನೆ ಹೂಳಿಗೆ ಕೆಲವು ಗಂಟೆ ಬೇಕು. ಜೇಡಿ ಮಾತ್ರ ವಾರ ಕಳೆದರೂ ಟೀ ಬಣ್ಣದಲ್ಲಿ ತೇಲುತ್ತಿರುತ್ತೆ. ಮಣ್ಣಿನ ಕಣದ ಗಾತ್ರ ಹತ್ತನೇ ಒಂದು ಭಾಗ ಆದರೆ, ಅದು ಇಳಿಯುವ ವೇಗ ನೂರನೇ ಒಂದು ಭಾಗ ಆಗುತ್ತೆ. ಅದಕ್ಕೇ ಗುಂಡಿ ನಡುವೆ ಕಲ್ಲಿನ ತಡೆ ಕಟ್ಟಿ ಎರಡು ಮಾಡಿ. ಮೊದಲ ಚಿಕ್ಕದರಲ್ಲಿ ಮರಳು ನಿಲ್ಲಲಿ, ಅದನ್ನು ಆಗಾಗ ತೆಗೆಯುವುದು ಸುಲಭ. ಜೇಡಿಯನ್ನು ಯಾವ ಗುಂಡಿಯೂ ಪೂರ್ತಿ ಹಿಡಿಯೋದಿಲ್ಲ. ಅದಕ್ಕೆ ಮದ್ದು ಮೇಲೇ ಇದೆ: ಬೋಳು ಧರೆಗೆ ಲಾವಂಚ, ಹುಲ್ಲು ಹಚ್ಚಿ. ಪಟಿಕ ಹಾಕಿದರೆ ನೀರು ಬೇಗ ತಿಳಿಯಾಗುವುದು ನಿಜ, ಆದರೆ ಜಾಸ್ತಿಯಾದರೆ ನೀರು ಹುಳಿಯಾಗುತ್ತೆ. ಮೀನಿರುವ ಹಳ್ಳಕ್ಕೆ ಅಂದಾಜಿನಲ್ಲಿ ಸುರಿಯಬೇಡಿ.

ತುಂಬಿದ ನೀರು ಹೊರಗೆ ಹೋಗುವ ಕೋಡಿ, ನೀರು ಬರುವ ಬಾಯಿಗೆ ಎದುರು ತುದಿಯಲ್ಲಿರಲಿ. ಅಗಲವಾಗಿ, ಮಟ್ಟವಾಗಿ, ಕಲ್ಲು ಹಾಸಿರಬೇಕು. ಪೈಪ್ ಬೇಡ, ಎಲೆ ಕಸ ಸಿಕ್ಕಿಕೊಂಡು ಕಟ್ಟಿಕೊಳ್ಳುತ್ತೆ. ಗುಂಡಿಯ ಸುತ್ತಲಿನ ಏರಿ ಕೋಡಿಗಿಂತ ಒಂದಡಿಯಾದರೂ ಎತ್ತರ ಇರಲಿ.

ಜಾಗದ ವಿಷಯದಲ್ಲಿ ಮಾತ್ರ ಹಟ ಬೇಡ. ಮನೆ ಮೇಲಿನ ಗುಡ್ಡದಲ್ಲಿ, ಧರೆಯ ನೆತ್ತಿಯಲ್ಲಿ ಗುಂಡಿ ತೋಡಲೇಬಾರದು. ಇಂಗಿದ ನೀರಿನ ಭಾರಕ್ಕೆ ಗುಡ್ಡ ಜರಿಯುತ್ತೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜರಿದದ್ದು ನೆನಪಿದೆ ಅಲ್ವಾ?

ಗುಂಡಿಯೊಳಗೆ ಒಂದು ಗೂಟ ನೆಟ್ಟು ಅಡಿಗೊಂದು ಗೆರೆ ಎಳೆಯಿರಿ. ಹೂಳು ಮೂರನೇ ಒಂದು ಭಾಗ ದಾಟಿತು ಅಂದರೆ ತೆಗೆಸಿ. ತೆಗೆದದ್ದನ್ನು ದಡದಲ್ಲೇ ರಾಶಿ ಹಾಕಬೇಡಿ. ನಾನು ಹಾಕಿಸಿದ್ದೆ, ಪುಷ್ಯ ಮಳೆ ಅಷ್ಟನ್ನೂ ವಾಪಸ್ ಗುಂಡಿಗೇ ತಳ್ಳಿತು. ಈಗ ಟ್ರ್ಯಾಕ್ಟರಿನಲ್ಲಿ ಬಾಳೆ ಬುಡಕ್ಕೆ ಹೋಗುತ್ತೆ. ಸುತ್ತ ಮುಳ್ಳುತಂತಿ ಬೇಲಿ ಹಾಕಿದ್ದೇನೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಸೊಂಟದವರೆಗೆ ಕೆಸರು, ದನ ಕಾಲಿಟ್ಟರೆ ಮೇಲೆ ಬರಲಾರದು.