ಎನ್‌ಡಿಎ ಸೇರಬೇಕೆ? ತಯಾರಿ ಹೈಸ್ಕೂಲಿನಲ್ಲೇ ಶುರುವಾಗಲಿ

ಭೂಸೇನೆ, ನೌಕಾಪಡೆ, ವಾಯುಪಡೆಗಳ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ, ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರಿದರೆ ಊಟ, ವಸತಿ, ಪುಸ್ತಕ, ಸಮವಸ್ತ್ರ, ತರಬೇತಿ ಎಲ್ಲದರ ಖರ್ಚೂ ಸರ್ಕಾರದ್ದು. ಮನೆಯವರ ಪಾಲಿಗೆ ಉಳಿಯುವುದು ಕೈಖರ್ಚು. ಮೂರು ವರ್ಷಕ್ಕೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ (ಜೆಎನ್‌ಯು) ಪದವಿ ಸಿಗುತ್ತದೆ. ಪಿಯುಸಿ ಮುಗಿಸಿದವರಿಗೆ ಇದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಅಪರೂಪ.

ಮೊದಲ ಎಡವಟ್ಟು ಆಗುವುದು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ. ಭೂಸೇನೆಗೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ಆದೀತು. ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. ಕಾಮರ್ಸ್ ತೆಗೆದುಕೊಂಡ ಮೇಲೆ ಪೈಲಟ್ ಆಗುವ ಆಸೆ ಹುಟ್ಟಿದರೆ ಈ ದಾರಿ ಮುಚ್ಚಿರುತ್ತದೆ. ಇನ್ನೊಂದು ಮಾತು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕವೇ ಅಂತಿಮ. ಅದರಲ್ಲಿ ತಪ್ಪಿದ್ದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ.

ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ವರ್ಷಕ್ಕೆ ಎರಡು ಬಾರಿ ಪ್ರವೇಶ ಪರೀಕ್ಷೆ ನಡೆಸುತ್ತದೆ. ಕೋರ್ಸ್ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು, ಮದುವೆಯಾಗಿರಬಾರದು. ದ್ವಿತೀಯ ಪಿಯುಸಿ ಓದುತ್ತಿರುವವರೂ ಅರ್ಜಿ ಹಾಕಬಹುದು, ಪ್ರಥಮ ಪಿಯುಸಿಯವರು ಹಾಕುವಂತಿಲ್ಲ. 2022ರಿಂದ ಹುಡುಗಿಯರೂ ತರಬೇತಿ ಪಡೆಯುತ್ತಿದ್ದಾರೆ.

ಗಣಿತ 300 ಅಂಕ, 120 ಪ್ರಶ್ನೆ. ಸಾಮಾನ್ಯ ಸಾಮರ್ಥ್ಯ 600 ಅಂಕ, 150 ಪ್ರಶ್ನೆ. ಅದರಲ್ಲಿ ಇಂಗ್ಲಿಷಿಗೇ 200. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರು ಎಂಟನೇ ತರಗತಿಯಿಂದಲೇ ಗಣಿತ, ವಿಜ್ಞಾನದ ಪದಗಳನ್ನು ಇಂಗ್ಲಿಷಿನಲ್ಲೂ ಕಲಿತಿರಲಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಗಣಿತದಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದವರು ಕೈಯಲ್ಲಿದ್ದ ಅಂಕವನ್ನೂ ಕಳೆದುಕೊಳ್ಳುತ್ತಾರೆ. ಎರಡೂ ಪತ್ರಿಕೆಗಳಲ್ಲಿ ಬೇರೆಬೇರೆಯಾಗಿ ಕನಿಷ್ಠ ಅಂಕ ಬರಲೇಬೇಕು.

ಲಿಖಿತಕ್ಕೆ 900 ಅಂಕವಾದರೆ, ಅದರಲ್ಲಿ ಪಾಸಾದವರಿಗೆ ಸೇನೆಯ ಆಯ್ಕೆ ಮಂಡಳಿ (ಎಸ್‌ಎಸ್‌ಬಿ) ನಡೆಸುವ ಸಂದರ್ಶನಕ್ಕೂ 900. ಕೋಚಿಂಗ್ ಹುಚ್ಚಿನಲ್ಲಿ ಬಹಳಷ್ಟು ಮಂದಿ ಮರೆಯುವುದು ಇದನ್ನೇ. ಐದು ದಿನದ ಆಯ್ಕೆಯಲ್ಲಿ ಮೊದಲ ದಿನವೇ ಜರಡಿ: ತರ್ಕಪರೀಕ್ಷೆ, ಜೊತೆಗೆ ಮಸುಕಾದ ಚಿತ್ರವೊಂದನ್ನು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವುದು. ಇಲ್ಲಿ ಉಳಿಯದವರು ಅಂದೇ ಮನೆಗೆ. ಉಳಿದವರಿಗೆ ಮುಂದೆ 60 ಪದಗಳ ಪರೀಕ್ಷೆ ಇದೆ: ಒಂದೊಂದು ಪದ ನೋಡಿ 15 ಸೆಕೆಂಡಿನಲ್ಲಿ ಹೊಳೆದ ವಾಕ್ಯ ಬರೆಯಬೇಕು. ಬಾಯಿಪಾಠ ಮಾಡಿದ ಆದರ್ಶವಾಕ್ಯ ಬರೆದರೆ ಕಥೆ, ಸಂದರ್ಶನ, ಮೈದಾನದ ನಡವಳಿಕೆಗೆ ಅದು ತಾಳೆಯಾಗದೆ ಸಿಕ್ಕಿಬೀಳುತ್ತೀರಿ. ಹಲಗೆ, ಹಗ್ಗ, ಪೀಪಾಯಿ ಬಳಸಿ ಅಡೆತಡೆ ದಾಟಿಸುವ ಗುಂಪುಕಾರ್ಯದಲ್ಲಿ ಕಿರುಚಿ ಮುಂದಾಳು ಆಗಲು ಹೋಗಬೇಡಿ. ಒಂದು ಉಪಾಯ ಹೇಳಿ, ಹಲಗೆಯ ಒಂದು ತುದಿ ಹಿಡಿಯಿರಿ.

ಶಾಲೆಯಲ್ಲಿ ವಿದ್ಯಾರ್ಥಿಗಳ ಸೇನಾದಳವಾದ ಎನ್‌ಸಿಸಿ ಇದ್ದರೆ ಸೇರಿಕೊಳ್ಳಿ. ಅಲ್ಲಿ ಶಾಲಾಮಟ್ಟದಲ್ಲಿ ಸಿಗುವ ‘ಎ’ ಪ್ರಮಾಣಪತ್ರಕ್ಕೆ ಎನ್‌ಡಿಎಯಲ್ಲಿ ಮೀಸಲು ಸೀಟೇನೂ ಇಲ್ಲ, ಆದರೆ ಹತ್ತು ದಿನದ ಶಿಬಿರದಲ್ಲಿ ಅಪರಿಚಿತರ ಜೊತೆ ದುಡಿದ ಅಭ್ಯಾಸ ಎಸ್‌ಎಸ್‌ಬಿ ಮೈದಾನದಲ್ಲಿ ಕಾಣುತ್ತದೆ.

ಎಸ್‌ಎಸ್‌ಬಿ ಗೆದ್ದವರನ್ನೂ ವೈದ್ಯಕೀಯ ತಪಾಸಣೆ ತಡೆಯಬಹುದು: ಕಿವಿಯ ಗುಗ್ಗೆ, ವಕ್ರವಾದ ಮೂಗಿನ ನಡುಗೋಡೆ, ಟಾನ್ಸಿಲ್, ಹೆಚ್ಚಿದ ತೂಕ. ಇವೆಲ್ಲ ಮೊದಲೇ ವೈದ್ಯರಿಗೆ ತೋರಿಸಿ ಸರಿಪಡಿಸಿಕೊಳ್ಳಬಹುದಾದವು. ಹಚ್ಚೆ ಮಾತ್ರ ಹಾಕಿಸಿಕೊಳ್ಳಲೇಬೇಡಿ.