ಮರವಂತೆಯ ಉಪ್ಪುಗಾಳಿ ಮತ್ತು ನನ್ನ ಬೈಕಿನ ಸೈಲೆನ್ಸರ್

ಹೋದ ವರ್ಷ ಆಯುಧ ಪೂಜೆಗೆ ಬೈಕ್ ತೊಳೆಯುತ್ತಿದ್ದೆ. ಸೈಲೆನ್ಸರ್ ಅಡಿಭಾಗವನ್ನು ಬಟ್ಟೆಯಿಂದ ಒರೆಸಿದ್ದೇ ತಡ, ಅಂಗೈಯಷ್ಟು ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆಲ್ಲ ಕೆಂಪು ಪುಡಿ.

ನಮ್ಮ ಮನೆ ಇರುವುದು ಮರವಂತೆಯಲ್ಲಿ. ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ನೋಡಲು ಬಂದವರಿಗೆ ಚಂದ, ಇಲ್ಲೇ ಗಾಡಿ ಇಟ್ಟುಕೊಂಡವರಿಗೆ ಗೊತ್ತು ಅದರ ಕಷ್ಟ. ಗಾಳಿಯಲ್ಲಿ ಬಂದ ಉಪ್ಪು ಕಬ್ಬಿಣದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ಮಳೆ ಇಲ್ಲದ ದಿನವೂ ಪೈಪು ಪೂರ್ತಿ ಒಣಗುವುದಿಲ್ಲ.

ನನ್ನದು 2011ರ ಸ್ಪ್ಲೆಂಡರ್ ಪ್ಲಸ್. ಹಿಂದೊಮ್ಮೆಯೂ ಹೀಗೇ ತುಕ್ಕು ಕಂಡಾಗ, ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಕಪ್ಪು ಎನಾಮಲ್ ಪೇಂಟನ್ನು ಸೈಲೆನ್ಸರ್‌ಗೂ ಬಳಿದಿದ್ದೆ. ನೋಡಲು ಹೊಸದರ ಹಾಗೆ ಇತ್ತು. ಕುಂದಾಪುರ ಮುಟ್ಟುವಷ್ಟರಲ್ಲಿ ಬೆಂಡ್ ಪೈಪಿನಿಂದ, ಅಂದರೆ ಎಂಜಿನ್‌ನಿಂದ ಸೈಲೆನ್ಸರ್‌ಗೆ ಬರುವ ಬಾಗಿದ ಪೈಪಿನಿಂದ, ಹೊಗೆ, ಸುಟ್ಟ ವಾಸನೆ. ಸಿಗ್ನಲ್‌ನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎಂಜಿನ್ ಬಾಯಿಯ ಹತ್ತಿರ ಪೈಪು ನೂರಾರು ಡಿಗ್ರಿ ಕಾಯುತ್ತದೆ, ಮನೆ ಪೇಂಟ್ ಅಲ್ಲಿ ನಿಲ್ಲುತ್ತದಾ?

ಈ ಸಲ ಸರಿಯಾಗಿ ಮಾಡೋಣ ಅಂತ ಹೊರಟೆ. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಸೈಲೆನ್ಸರ್ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇರುವಲ್ಲಿ ಠಣ್ ಅನ್ನುತ್ತದೆ. ತುಕ್ಕು ತಿಂದು ತೆಳ್ಳಗಾದ ಕಡೆ ಸದ್ದು ಸಪ್ಪೆ. ತಟ್ಟಿದಾಗ ತಗ್ಗಿ ಹೋದರೆ ಪೇಂಟ್ ಬಳಿಯುವುದು ದಂಡ, ವೆಲ್ಡಿಂಗೋ ಹೊಸ ಸೈಲೆನ್ಸರೋ ಅಂತ ನೋಡಬೇಕು. ನನ್ನದು ಬಚಾವ್.

ಬಿಚ್ಚುವಾಗ ಅವಸರ ಬೇಡ. ಎಂಜಿನ್‌ಗೆ ಪೈಪು ಸೇರುವಲ್ಲಿ ಎರಡು ನಟ್ ಇರುತ್ತವೆ. ತುಕ್ಕು ಹಿಡಿದ ನಟ್‌ಗೆ ಜೋರು ಹಾಕಿದರೆ ಅದು ಕೂತಿರುವ ಸ್ಟಡ್ಡೇ (ಎಂಜಿನ್‌ನಿಂದ ಹೊರಬಂದ ಮರೆಯ ಕಡ್ಡಿ) ಮುರಿಯುತ್ತದೆ, ಆಮೇಲೆ ಲೇತ್ ಅಂಗಡಿಗೆ ಅಲೆದಾಟ. ರಾತ್ರಿ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿಟ್ಟೆ, ಬೆಳಿಗ್ಗೆ ಮತ್ತೊಮ್ಮೆ ಹೊಡೆದೆ. ಸ್ವಲ್ಪ ಬಿಚ್ಚುವುದು, ಸ್ವಲ್ಪ ಬಿಗಿ ಮಾಡುವುದು, ಹೀಗೆ ಹಿಂದೆ ಮುಂದೆ ಮಾಡುತ್ತಾ ಸಡಿಲ ಮಾಡಿದೆ. ಹೊಗೆ ಸೋರದ ಹಾಗೆ ತಡೆಯುವ ಒಳಗಿನ ಗ್ಯಾಸ್ಕೆಟ್ ರಿಂಗ್ ಒಮ್ಮೆ ಅದುಮಿ ಹೋದ ಮೇಲೆ ಮತ್ತೆ ಸರಿ ಕೂರುವುದಿಲ್ಲ, ಹೊಸದು ತಂದಿಟ್ಟುಕೊಂಡಿದ್ದೆ.

ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತೆ. ಎರಡೂ ಬಾಯಿಗೆ ಹಳೇ ಬನಿಯನ್ ತುರುಕಿದೆ, ಪುಡಿ ಒಳಗೆ ಹೋಗಬಾರದಲ್ಲ. ವೈರ್ ಬ್ರಷ್‌ನಿಂದ ಪೊರೆ ಪೊರೆ ತುಕ್ಕು ಕೆರೆದು, 80ನೇ ನಂಬರ್ ಎಮರಿ ಪೇಪರ್, ಆಮೇಲೆ 220. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಾನು ಕಟ್ಟಿಕೊಂಡಿರಲಿಲ್ಲ, ರಾತ್ರಿ ಮೂಗು ಸೀಟಿದರೆ ಕೆಂಪಗೆ ಬಂತು.

ಅಮ್ಮ ಅಡುಗೆ ಮನೆ ಬಾಗಿಲಲ್ಲಿ ನಿಂತು, "ಅದೆಲ್ಲ ಎಂತಕ್ ಮಗಾ, ಬಿಂಬುಳಿ ಹಾಕಿ ತಿಕ್ಕ್" ಅಂದರು. ಕಂಚು, ಹಿತ್ತಾಳೆ, ಕತ್ತಿ ಎಲ್ಲಕ್ಕೂ ಅವರದು ಆ ಹುಳಿಕಾಯಿಯೇ ಮದ್ದು. ನಗಾಡಿದೆ. ಆದರೆ ಬಿಂಬುಳಿಯಲ್ಲಿ ಇರುವುದು ಆಕ್ಸಾಲಿಕ್ ಆಮ್ಲ, ತುಕ್ಕು ಕರಗಿಸಲು ಅದಕ್ಕೆ ತಾಕತ್ತು ಇದೆ. ನಟ್ಟು ಬೋಲ್ಟುಗಳನ್ನು ಜಜ್ಜಿದ ಬಿಂಬುಳಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಸೋಪು ನೀರಲ್ಲಿ ತೊಳೆದರೆ ಬೂದು ಬಣ್ಣದ ಕಬ್ಬಿಣ ಕಂಡಿತು! ಸೈಲೆನ್ಸರಿನ ಆಳದ ಗುಳಿಗಳಿಗೆ ಮಾತ್ರ ಅದು ಸಾಲಲಿಲ್ಲ. ಅಲ್ಲಿಗೆ ತುಕ್ಕನ್ನೇ ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ಹಚ್ಚಿದೆ, ಕೈಗೆ ಗ್ಲೌಸ್ ಹಾಕಿಕೊಂಡೇ. ಫಾಸ್ಪಾರಿಕ್ ಆಮ್ಲ ಇರುವ, ನೀರಿನ ಹಾಗಿನ ಬಗೆ ತಗೊಳ್ಳಿ. ಹಾಲಿನ ಹಾಗಿರುವುದರಲ್ಲಿ ಅಂಟು ಇರುತ್ತದೆ, ಬಿಸಿಗೆ ಅದೇ ಸುಟ್ಟು ಏಳುತ್ತದೆ.

ಇನ್ನೊಂದು ಪಾಠ ಇಲ್ಲೇ ಕಲಿತೆ. ಸಂಜೆಯೊಳಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ, ಪೇಂಟ್ ನಾಳೆ ಹೊಡೆದರಾಯಿತು ಅಂತ ಜಗಲಿಯಲ್ಲಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಪೂರ್ತಿ ಪೈಪಿಗೆ ತೆಳ್ಳಗೆ ಅರಿಶಿನ-ಕೆಂಪು ಬಣ್ಣ ಬಂದಿತ್ತು. ಒಂದೇ ರಾತ್ರಿ! ಮತ್ತೆ ಉಜ್ಜಿದೆ. ಕರಾವಳಿಯಲ್ಲಿ ಉಜ್ಜಿದ ದಿನವೇ ಪೇಂಟ್ ಹೊಡೆಯಬೇಕು. ಬೆಳಿಗ್ಗೆ ಬೇಗ ಶುರು ಮಾಡಿ, ಥಿನ್ನರ್‌ನಲ್ಲಿ ಒರೆಸಿ, ಬಿಸಿಲಿಗೆ ಇಟ್ಟು, ಚೆನ್ನಾಗಿ ಬಿಸಿ ಏರುವಷ್ಟು ಒಣಗಿಸಿದೆ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಸಾಕು ಪೇಂಟ್ ಏಳಲು.

ಪೇಂಟ್ 600 ಡಿಗ್ರಿ ತಡೆಯುವ ಮ್ಯಾಟ್ ಬ್ಲ್ಯಾಕ್ ಸ್ಪ್ರೇ. ಕೆಳಗೆ ಮಾಮೂಲಿ ಪ್ರೈಮರ್ ಹಾಕಲಿಲ್ಲ, ಅದು ಬಿಸಿಗೆ ನಿಲ್ಲುವುದಿಲ್ಲ. ತೆಳ್ಳಗೆ ಮೂರು ಕೋಟ್. ಒಂದು ದಿನ ಒಣಗಲು ಬಿಟ್ಟು, ಫಿಟ್ ಮಾಡಿ, ಕಿಕ್ ಹೊಡೆದೆ. ಸ್ಟಾರ್ಟ್ ಆಗಲಿಲ್ಲ. ಇಪ್ಪತ್ತು ಸಲ ಹೊಡೆದೆ. ಪ್ಲಗ್ ಬಿಚ್ಚಿ ಒರೆಸಿದೆ. ಕೊನೆಗೆ ಪಕ್ಕದ ಗ್ಯಾರೇಜಿನವರು ಬಂದು ಹಿಂದೆ ಬಗ್ಗಿ ನೋಡಿ, "ಎಂತ ಮಾರಾಯಾ, ಬಾಯಿಗೆ ಬಟ್ಟೆ ತುರ್ಕಿರೆ ಹ್ಯಾಂಗ್ ಸ್ಟಾರ್ಟ್ ಆತ್ತ್?" ಅಂದರು. ಬನಿಯನ್ನಿನ ತುದಿ ಹೊರಗೆ ಕಾಣುತ್ತಿತ್ತು.

ಈ ಪೇಂಟ್ ಬಿಸಿಲಲ್ಲಿ ಒಣಗಿದರೆ ಸಾಲದು, ಬಿಸಿಯಲ್ಲಿ ಬೇಯಬೇಕು. ಐದು ನಿಮಿಷ ಎಂಜಿನ್ ಓಡಿಸುವುದು, ಪೂರ್ತಿ ತಣಿಯಲು ಬಿಡುವುದು, ಮತ್ತೆ ಹತ್ತು ನಿಮಿಷ. ಮೂರು ಸಲ ಹೀಗೆ ಮಾಡಿದ ಮೇಲೆಯೇ ರಸ್ತೆಗೆ ಇಳಿಸಿದೆ. ಸ್ವಲ್ಪ ಹೊಗೆ ಬರುತ್ತದೆ, ಗಾಬರಿ ಬೇಡ.

ಕ್ರೋಮ್ ಕವರಿಗೆ ಎಮರಿ ಪೇಪರ್ ಮುಟ್ಟಿಸಬೇಡಿ, ಗೀರು ಬೀಳುತ್ತದೆ. ಊಟ ಕಟ್ಟುವ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ತಿಕ್ಕಿದರೆ ಚುಕ್ಕೆ ತುಕ್ಕು ಹೋಗುತ್ತದೆ. ಅಲ್ಯುಮಿನಿಯಂ ಕ್ರೋಮ್‌ಗಿಂತ ಮೆದು. ಗೆಳೆಯನ ಬುಲೆಟ್ಟಿಗೂ ಇದನ್ನೇ ಮಾಡಿದೆವು. ಕ್ರೋಮ್ ಸಿಪ್ಪೆ ಎದ್ದಿದ್ದ ಕಡೆ ಏನೂ ಆಗಲಿಲ್ಲ, ಅದಕ್ಕೆ ಮತ್ತೆ ಪ್ಲೇಟಿಂಗೇ ಗತಿ.

ಇಷ್ಟೆಲ್ಲ ಹೊರಗಿನದು. ಒಳಗಿನಿಂದ ಹಿಡಿಯುವ ತುಕ್ಕಿಗೆ ಕಾರಣ ನಾನೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಅಂಗಡಿ ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್. ಸೈಲೆನ್ಸರ್ ಕಾಯುವ ಮೊದಲೇ ಗಾಡಿ ನಿಲ್ಲಿಸುತ್ತೇನೆ, ಆವಿ ಒಳಗೇ ನೀರಾಗಿ ಕೂರುತ್ತದೆ. ಈಗ ಸೈಲೆನ್ಸರ್ ಚೆನ್ನಾಗಿ ಕಾದು ಒಳಗೆ ಒಣಗಲಿ ಅಂತ ವಾರಕ್ಕೊಮ್ಮೆ ದೂರದ ಬೈಂದೂರಿಗೆ ಹೋಗಿ ಬರುತ್ತೇನೆ. ಅಡಿಯಲ್ಲಿ ನೀರು ಇಳಿಯಲು ಇರುವ ಸಣ್ಣ ತೂತು ಮಸಿಯಿಂದ ಮುಚ್ಚಿತ್ತು, ಗಾಡಿ ತಣ್ಣಗಿರುವಾಗ ತಂತಿಯಿಂದ ಚುಚ್ಚಿ ಬಿಡಿಸಿದೆ.

ಟಾರ್ಪಾಲ್ ಹೊದಿಸುವುದನ್ನೂ ಬಿಟ್ಟೆ. ಒದ್ದೆ ಗಾಡಿಗೆ ಹೊದಿಸಿದರೆ ಒಳಗೆಲ್ಲ ಬೆವರುತ್ತದೆ. ಗಾಳಿ ಆಡುವ ಮಾಡಿನ ಕೆಳಗೆ ಸುಮ್ನೆ ನಿಲ್ಲಿಸುತ್ತೇನೆ. ಕಡಲಬದಿ ಸುತ್ತಿ ಬಂದರೆ, ಪೈಪು ತಣಿದ ಮೇಲೆ ಸಿಹಿನೀರು ಹೊಯ್ದು ಒರೆಸುತ್ತೇನೆ. ಮುಂದಿನ ಮಡ್‌ಗಾರ್ಡಿಗೆ ಉದ್ದದ ರಬ್ಬರ್ ಹಾಕಿದ ಮೇಲೆ ಬೆಂಡ್ ಪೈಪಿಗೆ ಕೆಸರು ಎರಚುವುದು ಕಡಿಮೆಯಾಗಿದೆ. ಕೆಲವರು ವೇಸ್ಟ್ ಆಯಿಲ್ ಬಳಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊಗೆ ಬರುತ್ತದೆ, ಹಿಂದಿನ ಟೈರಿಗೆ ತೊಟ್ಟಿಕ್ಕಿದರೆ ಗಾಡಿ ಜಾರುತ್ತದೆ.

ಒಂದು ಮಳೆಗಾಲ ಅರ್ಧ ಕಳೆಯಿತು. ಬ್ರಾಕೆಟ್ ವೆಲ್ಡಿಂಗ್ ಹತ್ತಿರ, ಎಮರಿ ಪೇಪರ್ ಸರಿಯಾಗಿ ತಲುಪದ ಮೂಲೆಯಲ್ಲಿ, ಉದ್ದಿನ ಕಾಳಿನಷ್ಟು ಕೆಂಪು ಕಾಣುತ್ತಿದೆ. ಸ್ಪ್ರೇ ಡಬ್ಬಿ ಅರ್ಧ ಉಳಿದಿದೆ. ಆಸಾಡಿ ಮುಗಿದು ನಾಲ್ಕು ದಿನ ಬಿಸಿಲು ಬಂದರೆ ಅಷ್ಟಕ್ಕೊಂದು ಕೈ ಹೊಡೆಯಬೇಕು.