ರಾಗಿ ಬಿಯರ್: ಗಂಜಿ ಸಿಹಿಯಾಗದಿದ್ದರೆ

ಮೊಳಕೆ ರಾಗಿಯನ್ನು ಬಾರ್ಲಿಯಂತೆ 65 ಡಿಗ್ರಿಯಲ್ಲಿ ಇಟ್ಟರೂ ಸಿಹಿ ಬರಲಿಲ್ಲ, ಅಯೋಡಿನ್ ಹನಿ ಕಡುನೀಲಿಯೇ, ಅಂದರೆ ಪಿಷ್ಟ ಹಾಗೇ ಉಳಿದಿತ್ತು. ನುಣ್ಣಗೆ ಬೀಸಿದರೆ ಸೋಸುವ ಬಟ್ಟೆ ಕಟ್ಟಿಕೊಂಡಿತು. ಯೀಸ್ಟ್ ಹೆಚ್ಚಿಸಿದ್ದೂ ವ್ಯರ್ಥ.

ರಾಗಿಯ ಪಿಷ್ಟ ಆ ಶಾಖಕ್ಕೆ ಪೂರ್ತಿ ಬೇಯದು. ಬೇಯಿಸಿದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ ಸಾಯುತ್ತದೆ. ಎರಡನ್ನೂ ಬೇರ್ಪಡಿಸಬೇಕು.

ತರಿಯಾಗಿ ಒಡೆಸಿದ 2 ಕೆಜಿ ಮೊಳಕೆ ರಾಗಿಗೆ 45 ಡಿಗ್ರಿಯ 8 ಲೀಟರ್ ನೀರು. ಅರ್ಧ ಗಂಟೆ ತಿರುವಿ, ಇನ್ನರ್ಧ ಗಂಟೆ ಅಲುಗಿಸದೆ ಬಿಡಿ. ಮೇಲಿನ 3 ಲೀಟರ್ ತಿಳಿ ಬಗ್ಗಿಸಿ ಎತ್ತಿಡಿ. ಕಿಣ್ವ ಇರುವುದು ಅದರಲ್ಲೇ, ಕಾಯಿಸಲೇಬೇಡಿ. ಉಳಿದದ್ದನ್ನು 20 ನಿಮಿಷ ಕುದಿಸಿ. ಮುದ್ದೆ ಕೋಲು ನಿಲ್ಲಿಸಿದರೆ ತಳ ಹಿಡಿಯುತ್ತದೆ. ಗಂಜಿ 70ಕ್ಕೆ ಇಳಿದ ಮೇಲೆಯೇ ತಿಳಿ ಸುರಿಯಿರಿ. ಶಾಖ 55ರ ಆಸುಪಾಸಿಗೆ ಬೀಳುತ್ತದೆ; ಸಣ್ಣ ಉರಿಯಲ್ಲಿ 65ಕ್ಕೆ ಏರಿಸಿ, 90 ನಿಮಿಷ ಕಾಯಿರಿ. ಹಾಸನದ ಡಿಸೆಂಬರ್ ಚಳಿಗೆ ಪಾತ್ರೆಗೆ ಕಂಬಳಿ ಸುತ್ತಲೇಬೇಕು. ಸೋಸುವ ಮುನ್ನ ತೊಳೆದ ಭತ್ತದ ಹೊಟ್ಟು ಎರಡು ಹಿಡಿ ಬೆರೆಸಿ.

ತಣಿದ ಹನಿಗೆ ಅಯೋಡಿನ್ ಬಿಟ್ಟಾಗ ಬಣ್ಣ ಕಂದಾಗಿಯೇ ಉಳಿದರೆ ಪಿಷ್ಟ ಮುಗಿದಿದೆ.